ನವೆಂಬರ್ 1ರ ಮಾಯಾಚೌಕ: ಇಲ್ಲಿವರೆಗಿನ ಲೆಕ್ಕ

ಮೊದಲ ಭಾನುವಾರ

ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಮಕ್ಕಳಿಗೆ ಹಂಚಲು ಒಂದು ಮಾಯಾಚೌಕ ಮಾಡೋಣ ಅನ್ನಿಸಿತು. ಅಂದರೆ ಅಡ್ಡಸಾಲು, ಕಂಬಸಾಲು, ಮೂಲೆಯಿಂದ ಮೂಲೆಗೆ ಹೋಗುವ ಕರ್ಣ, ಯಾವುದನ್ನು ಕೂಡಿದರೂ ಒಂದೇ ಮೊತ್ತ ಬರುವ ಸಂಖ್ಯೆಗಳ ಚೌಕ. 1ರಿಂದ 9 ತುಂಬಿ 15 ಬರಿಸೋದು ಎಲ್ಲರಿಗೂ ಗೊತ್ತು, ಅದು ಬೇಡ. ಮೇಲಿನ ಸಾಲಿನಲ್ಲೇ 1-11-1956 ಇರಬೇಕು. ಅಂದರೆ 1, 11, 19, 56. ಕೂಡಿದರೆ 87. ಉಳಿದ ಹನ್ನೆರಡು ಮನೆಗಳನ್ನು ಅಂದಾಜಿನಲ್ಲೇ ತುಂಬಲು ಕೂತೆ. ಎರಡು ಗಂಟೆ, ನಾಲ್ಕು ಹಾಳೆ ದಂಡ. ಅಡ್ಡಸಾಲು ಸರಿಯಾದರೆ ಕಂಬಸಾಲು ಕೆಡುತ್ತದೆ. ಎರಡೂ ಸರಿಹೋದರೆ ಕರ್ಣ ಕೈಕೊಡುತ್ತದೆ.

ಬುಧವಾರ

ರಾಮಾನುಜನ್ ಹೆಸರಿನಲ್ಲಿ ಓಡಾಡುವ, ಅವರು ಹುಟ್ಟಿದ ದಿನದ (22-12-1887) ಚೌಕವನ್ನು ಎದುರಿಗಿಟ್ಟುಕೊಂಡೆ. ಮೊತ್ತ 139.

22 12 18 87
88 17 9 25
10 24 89 16
19 86 23 11

ಚಹಾ ಆರುವ ಹೊತ್ತಿಗೆ ಗುಟ್ಟು ಸಿಕ್ಕಿತು. 88 ಅಂದರೆ 87ಕ್ಕೆ ಒಂದು ಜಾಸ್ತಿ. 17 ಅಂದರೆ 18ಕ್ಕೆ ಒಂದು ಕಮ್ಮಿ. 12ರಲ್ಲಿ ಮೂರು ಕಳೆದು 9, 22ಕ್ಕೆ ಮೂರು ಕೂಡಿ 25. ಮೇಲಿನ ನಾಲ್ವರೇ ಪ್ರತಿ ಸಾಲಿನಲ್ಲೂ ಜಾಗ ಬದಲಿಸಿ, ವೇಷ ಹಾಕಿಕೊಂಡು ಕೂತಿದ್ದಾರೆ! ಕೂಡಿದ್ದಕ್ಕೂ ಕಳೆದದ್ದಕ್ಕೂ ಸರಿಸಮ. ಅದೇ ಅಚ್ಚಿಗೆ ನನ್ನ ತಾರೀಖು ಹಾಕಿದೆ.

1 11 19 56
57 18 8 4
9 3 58 17
20 55 2 10

ಎಲ್ಲ ಕಡೆ 87. ನಾಲ್ಕು ಮೂಲೆ ಕೂಡಿದರೂ 87, ನಟ್ಟನಡುವಿನ ನಾಲ್ಕು ಮನೆಯೂ 87. ಯಾವ ಸಂಖ್ಯೆಯೂ ಎರಡು ಸಲ ಬಂದಿಲ್ಲ.

ಎರಡನೇ ಭಾನುವಾರ

ಇಲ್ಲಿಗೇ ನಿಲ್ಲಿಸಬಹುದಿತ್ತು, ಅಲ್ವಾ? ಸುಮ್ನೆ 15-8-1947 ಹಾಕಿ ನೋಡಿದೆ. ಎರಡನೇ ಸಾಲು 48, 18, 5, 18. ಮೊತ್ತ 89 ಸರಿ ಇದೆ, ಆದರೆ ಒಂದೇ ಸಾಲಲ್ಲಿ ಎರಡು 18. ಮುಂದಿನ ಸಾಲಲ್ಲಿ ಎರಡು 17. 26-1-1950 ಇನ್ನೂ ಕೆಟ್ಟದು. ತಿಂಗಳು 1, ಅದರಲ್ಲಿ ಮೂರು ಕಳೆದರೆ -2. ಚಿಕ್ಕ ಮಕ್ಕಳ ಕೈಗೆ ಮೈನಸ್ ಕೊಡೋದು ಹೇಗೆ?

ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆದ ಮದ್ದು ತೀರಾ ಚಿಕ್ಕದು. ಕೂಡುವಲ್ಲಿ ಕಳೆಯಬೇಕು, ಕಳೆಯುವಲ್ಲಿ ಕೂಡಬೇಕು.

26 1 19 50
49 20 4 23
3 24 48 21
18 51 25 2

ಮೊತ್ತ 96. ಆಗಸ್ಟ್ 15 ಕೂಡ ಹೀಗೇ ದಾರಿಗೆ ಬಂತು. ತಮಾಷೆ ಅಂದರೆ ನವೆಂಬರ್ 1ಕ್ಕೆ ಈ ಮದ್ದು ಒಗ್ಗದು. ಅಲ್ಲಿ ದಿನವೇ 1, ಮೂರು ಕಳೆದರೆ ಮತ್ತೆ -2.

ನಿನ್ನೆ

ಖಜುರಾಹೊದ ಪಾರ್ಶ್ವನಾಥ ಬಸದಿಯಲ್ಲಿ ಕೆತ್ತಿರುವ ಚೌಕದ ಮೇಲೆ ಕಣ್ಣು ಬಿತ್ತು.

7 12 1 14
2 13 8 11
16 3 10 5
9 6 15 4

ಇದರಲ್ಲಿ ಮುರಿದ ಕರ್ಣಗಳೂ 34. ಅಂದರೆ ಒಂದು ಅಂಚಿನಲ್ಲಿ ಹೊರಗೆ ಹೋಗಿ ಎದುರು ಅಂಚಿನಲ್ಲಿ ಒಳಬರುವ ಓರೆ ಸಾಲುಗಳು: 12, 8, 5, 9. ನನ್ನ ಚೌಕದಲ್ಲಿ ಅದೇ ಮನೆಗಳು 11, 8, 17, 20. ಬರೀ 56! ಹೊಟ್ಟೆಕಿಚ್ಚಾಯಿತು.

ರಾತ್ರಿ ಕೂತು ನೋಡಿದಾಗ ಕಂಡಿದ್ದು ಇದು. ಅಲ್ಲಿ ಯಾವ ಮನೆಯಿಂದ ಓರೆಯಾಗಿ ಎರಡು ಹೆಜ್ಜೆ ಇಟ್ಟರೂ ಸಿಗುವ ಜೋಡಿಯ ಮೊತ್ತ 17, ಅಂದರೆ 34ರ ಅರ್ಧ. 7ಕ್ಕೆ 10, 12ಕ್ಕೆ 5. ಮುರಿದ ಕರ್ಣಗಳೂ ಸರಿಹೋಗುವ, ಸಾಲಿಗೆ ನಾಲ್ಕು ಮನೆಯ ಯಾವ ಚೌಕವೂ ಈ ನಿಯಮ ತಪ್ಪಿಸಿಕೊಳ್ಳಲಾರದು. 87ರ ಅರ್ಧ ನಲವತ್ತಮೂರೂವರೆ, ಹಾಗಾಗಿ ರಾಜ್ಯೋತ್ಸವದ ಆಸೆ ಬಿಟ್ಟೆ. ಜನವರಿ 26ಕ್ಕೆ ಅರ್ಧ 48, ಪರವಾಗಿಲ್ಲ ಅಂದುಕೊಂಡು ಪೆನ್ಸಿಲ್ ಎತ್ತಿಕೊಂಡೆ. ಮೇಲಿನ ಸಾಲಿನ 50ಕ್ಕೆ ಜೋಡಿ ಹುಡುಕಿದರೆ ಮತ್ತೆ ಅದೇ -2.