ಎಂಟು, ಒಂಬತ್ತು, ಇಲ್ಲ ಹತ್ತು

ಉಡುಪಿಯಲ್ಲಿ ಚಪ್ಪಲಿ ಅಂಗಡಿಗೆ ಬರವಿಲ್ಲ. ಮಲ್ಪೆಯ ಬೋಟಿನವರು ಹಾಕುವಂಥ ಗಮ್‌ಬೂಟ್ ಕೂಡ ಸಿಗುತ್ತದೆ. ಆದರೆ ಫ್ಲೈ ಫಿಶಿಂಗ್‌ನವರು, ಅಂದರೆ ಹುಳದಂತೆ ಕಾಣುವ ನಕಲಿ ಗಾಳ ಎಸೆದು ಮೀನು ಹಿಡಿಯುವವರು, ಹೊಳೆಗೆ ಇಳಿಯುವಾಗ ಹಾಕುವ ವೇಡಿಂಗ್ ಬೂಟ್ ಕೇಳಿದರೆ ಅಂಗಡಿಯವರು ಸುಮ್ನೆ ಮುಖ ನೋಡುತ್ತಾರೆ. ಹಿಮಾಚಲದ ತೀರ್ಥನ್ ಹೊಳೆಗೆ ಟ್ರೌಟ್ ಹಿಡಿಯಲು ಹೋಗುವುದು ನಿಕ್ಕಿಯಾದ ಮೇಲೆ ನಾನು ಆನ್‌ಲೈನಿನಲ್ಲೇ ತರಿಸಬೇಕಾಯಿತು. ಅಳತೆಯ ತಲೆಬಿಸಿ ಶುರುವಾದದ್ದು ಅಲ್ಲಿಂದ.

ಈ ಬೂಟು ನೀರು ತಡೆಯುವುದಿಲ್ಲ. ನೀರು ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ. ತಡೆಯುವುದು ವೇಡರ್ಸ್, ಅಂದರೆ ಎದೆಯವರೆಗೆ ಬರುವ ಪ್ಯಾಂಟು. ಅದರ ತುದಿಗೆ ನಿಯೋಪ್ರೀನ್ ರಬ್ಬರಿನ ದಪ್ಪ ಸಾಕ್ಸ್ ಅಂಟಿಕೊಂಡೇ ಇರುತ್ತದೆ. ಅದರೊಳಗೆ ಉಣ್ಣೆಯ ಸಾಕ್ಸ್. ಇಷ್ಟೆಲ್ಲ ಹಾಕಿದ ಕಾಲು ಬೂಟಿನೊಳಗೆ ಹೋಗಬೇಕು.

ನನ್ನದು ಎಂಟು ನಂಬರ್. ಇಲ್ಲಿಯ ಅಂಗಡಿಗಳಲ್ಲಿ ಎಂಟು ಅಂದರೆ ಸಾಮಾನ್ಯವಾಗಿ ಬ್ರಿಟಿಷ್ ಎಂಟು. ಅಮೆರಿಕದ ಲೆಕ್ಕದಲ್ಲಿ ಗಂಡಸರಿಗೆ ಅದು ಹೆಚ್ಚುಕಡಿಮೆ ಒಂಬತ್ತು. ನಿಯೋಪ್ರೀನ್‌ಗೆ ಇನ್ನೊಂದು ಸೇರಿಸಿದರೆ ಹತ್ತು. ಕೆಲವು ಕಂಪೆನಿಯವರು ಆ ಜಾಗವನ್ನು ಮೊದಲೇ ಬಿಟ್ಟು ಹೊಲಿದಿರುತ್ತಾರೆ, ಅಂಥದ್ದಕ್ಕೆ ಮತ್ತೆ ಒಂದು ಸೇರಿಸಿದರೆ ಬೂಟು ಕಾಲಲ್ಲಿ ಲೊಡಲೊಡ. ನಾನು ತಲೆ ಕೆಡಿಸಿಕೊಳ್ಳದೆ ಒಂಬತ್ತು, ಹತ್ತು ಎರಡೂ ತರಿಸಿದೆ.

ಹಾಕಿ ನೋಡಿದ್ದು ಸಂಜೆ. ದಿನವಿಡೀ ನಡೆದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಅಳತೆಗೆ ಅದೇ ಒಳ್ಳೆಯದು. ಆದರೆ ಉಡುಪಿಯ ಸೆಕೆಯಲ್ಲಿ ಉಣ್ಣೆ ಸಾಕ್ಸ್, ಅದರ ಮೇಲೆ ವೇಡರ್ಸ್! "ಎಂತ ಮಗಾ ಇದು, ಬಾವಿಗೆ ಇಳಿಯುವ ವೇಷವಾ?" ಎಂದು ಅಮ್ಮ ನಕ್ಕರು. ಬೆನ್ನಿನಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಒಂಬತ್ತು ಕಾಲಿಗೆ ಹೋಯಿತು. ನಿಂತಾಗ ಸರಿಯಾಗಿಯೇ ಇತ್ತು, ಬೆರಳು ಮಾತ್ರ ಅಲ್ಲಾಡಲಿಲ್ಲ. ಚಪ್ಪಲಿಯಾದರೆ ಹಾಕಿ ಹಾಕಿ ಸಡಿಲವಾಗುತ್ತದೆ ಎನ್ನಬಹುದು, ಇಲ್ಲಿ ಆ ಮಾತು ನಡೆಯುವುದಿಲ್ಲ. ನಿಯೋಪ್ರೀನ್ ಬೆಚ್ಚಗಿಡುವುದು ಅದರೊಳಗಿನ ಸಣ್ಣ ಸಣ್ಣ ಗುಳ್ಳೆಗಳಿಂದ. ಬೂಟು ಬಿಗಿಯಾಗಿ ಅದು ಅದುಮಿ ಹೋದರೆ ಬೆಚ್ಚಗಾಗುವುದಿಲ್ಲ, ರಕ್ತವೂ ಸರಿಯಾಗಿ ಓಡುವುದಿಲ್ಲ. ಸ್ವರ್ಣೆಯಲ್ಲಿ ಈಜಿ ಬೆಳೆದ ನಮಗೆ ಹಿಮ ಕರಗಿದ ನೀರು ಎಂಥದ್ದು ಅಂತ ಅಂದಾಜೇ ಇಲ್ಲ. ಬಿಗಿ ಬೂಟಿನಲ್ಲಿ ಆ ನೀರಿಗಿಳಿದರೆ ಬೆರಳು ಮರಗಟ್ಟುತ್ತದೆ.

ಅಷ್ಟರಲ್ಲಿ ಮಾವ ಬಂದರು. ಗಾಳ ಹಾಕುವುದರಲ್ಲೇ ಮುಕ್ಕಾಲು ಆಯುಷ್ಯ ಕಳೆದವರು, ಅದೂ ಬರಿಗಾಲಲ್ಲಿ. "ನಿಂತು ನೋಡಿದರೆ ಎಂತ ಗೊತ್ತಾಗ್ತದೆ ಮಾರಾಯ? ಕುಕ್ಕರುಗಾಲಲ್ಲಿ ಕೂತು ನೋಡು" ಎಂದರು. ಅದು ಯಾವ ಸೈಜ್ ಚಾರ್ಟಿನಲ್ಲೂ ನನಗೆ ಕಂಡಿರಲಿಲ್ಲ. ಮೀನಿಗೆ ಕಾಣದಂತೆ ತಗ್ಗಿ ಕೂರುವುದು, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಲು ಬಗ್ಗುವುದು ಇದ್ದೇ ಇದೆಯಲ್ಲ. ಒಂಬತ್ತರಲ್ಲಿ ಕೂತ ಕೂಡಲೇ ಹೆಬ್ಬೆರಳು ತುದಿಗೆ ಒತ್ತಿತು. ಹತ್ತರಲ್ಲಿ ಒತ್ತಲಿಲ್ಲ.

ಆಮೇಲೆ ಹತ್ತನ್ನೇ ಹಾಕಿ ಸ್ಕೂಟರ್ ಹತ್ತಿಸುವ ಇಳಿಜಾರಿನಲ್ಲಿ ನಡೆದೆ. ವಾಪಸು ಕಳಿಸುವುದಾದರೆ ಮಣ್ಣಾಗಬಾರದೆಂದು ಹಳೆಯ ಬೆಡ್‌ಶೀಟ್ ಹಾಸಿದ್ದೆ. ಇಳಿಯುವಾಗ ಕಾಲು ಮುಂದೆ ಜಾರಲಿಲ್ಲ. ಹತ್ತುವಾಗ ಹಿಮ್ಮಡಿ ಎದ್ದದ್ದು ಒಂದು ನೂಲಿನಷ್ಟು, ಲೇಸ್ ಬಿಗಿದ ಮೇಲೆ ಅದೂ ನಿಂತಿತು. ನೀರಿನಲ್ಲಿ ಲೇಸ್ ಸಡಿಲವಾಗುತ್ತದೆ, ಹೊಳೆಗಿಳಿದು ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ವೇಡರ್ಸಿನ ಸಾಕ್ಸನ್ನೂ ನೋಡಿಕೊಂಡೆ. ಅದು ದೊಡ್ಡದಾಗಿ ಬೂಟಿನೊಳಗೆ ಮಡಿಸಿಕೊಂಡರೆ ಉಜ್ಜಿ ಉಜ್ಜಿ ಅಲ್ಲೇ ತೂತು ಬೀಳುತ್ತದೆ.

ಬೂಟಿನ ಅಡಿಯ ವಿಷಯದಲ್ಲಿ ನಾನು ಜಾಸ್ತಿ ಯೋಚಿಸಲಿಲ್ಲ. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಫೆಲ್ಟ್, ಅಂದರೆ ನಾರು ಒತ್ತಿ ಮಾಡಿದ ದಪ್ಪ ಬಟ್ಟೆಯ ಅಡಿ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಬೇಗ ಒಣಗುವುದಿಲ್ಲ, ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ನ್ಯೂಜಿಲೆಂಡ್ 2008ರಲ್ಲೇ ಅದನ್ನು ನಿಷೇಧಿಸಿತು. ನಮ್ಮ ಮಳೆಗಾಲದಲ್ಲಿ ಬೆಲ್ಟಿಗೇ ಬೂಸ್ಟು ಹಿಡಿಯುವಾಗ ಫೆಲ್ಟ್ ಒಣಗಿಸುವವರು ಯಾರು? ಮೊಳೆ ಹಾಕಬಹುದಾದ ರಬ್ಬರ್ ಅಡಿಯದ್ದನ್ನೇ ತರಿಸಿದ್ದೆ.

ಒಂಬತ್ತನ್ನು ಪೆಟ್ಟಿಗೆಗೆ ತುಂಬುವಾಗ ಮಾವ ತಡೆದರು. ಬರಿಗಾಲಿಗೆ ಹಾಕಿ ಜಗಲಿಯಲ್ಲಿ ಎರಡು ಸುತ್ತು ಬಂದರು. "ನನಗೆ ಸಮಾ ಆಗ್ತದೆ. ವಾಪಸು ಯಾಕೆ?" ಎಂದರು. ರೇಟು ಹೇಳಿದೆ. "ಬೇಡ, ಹಿಮ್ಮಡಿ ಸ್ವಲ್ಪ ಬಿಗಿ" ಎಂದು ಲೇಸ್ ಬಿಚ್ಚಿದರು.