ಗ್ರೀನ್ ಕಾರ್ಡಿನಲ್ಲಿ ತಪ್ಪು ಬಂದಿದೆ, ಈಗೇನು ಮಾಡೋದು?

ಗಂಡ, ಹೆಂಡತಿ ಅಥವಾ ಮಕ್ಕಳು ಹಾಕಿದ ಅರ್ಜಿಯ ಮೇಲೆ ಅಮೆರಿಕಕ್ಕೆ ಬಂದವರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ನಿವಾಸಿ ಕಾರ್ಡು) ಕೈಗೆ ಬಂತು, ಆದರೆ ಹೆಸರೋ ಹುಟ್ಟಿದ ತಾರೀಖೋ ತಪ್ಪಾಗಿದೆ. ಸರಿ ಮಾಡಿಸೋದು ಹೇಗೆ? ಹಾಗೇ ಬಿಟ್ಟರೆ ನಡೆಯುತ್ತಾ?"

ಬಿಡಬೇಡಿ. ಡ್ರೈವಿಂಗ್ ಲೈಸೆನ್ಸ್, ಸೋಷಿಯಲ್ ಸೆಕ್ಯುರಿಟಿ, ಕೆಲಸ, ಮುಂದೆ ಪೌರತ್ವ, ಎಲ್ಲ ಕಡೆಯೂ ತೋರಿಸಬೇಕಾದದ್ದು ಇದೇ ಕಾರ್ಡು. 18 ತುಂಬಿದವರು ಇದನ್ನು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಂಡಿರಬೇಕು ಅಂತ ಕಾನೂನೇ ಇದೆ. ಇಂದು ಒಂದು ಅಕ್ಷರದ ತಪ್ಪು. ನಾಳೆ ಅದನ್ನೇ ನೋಡಿಕೊಂಡು ಇನ್ನೂ ನಾಲ್ಕು ಕಚೇರಿಗಳು ತಪ್ಪಾಗಿ ಬರೆದುಕೊಳ್ಳುತ್ತವೆ.

ಆದರೆ ಫಾರ್ಮ್ ತುಂಬಲು ಕೂರುವ ಮೊದಲು ಪಾಸ್‌ಪೋರ್ಟ್, ಅದರಲ್ಲಿರುವ ವೀಸಾ ಪುಟ ಮತ್ತು ಕಾರ್ಡು, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ತಪ್ಪು ಎಲ್ಲಿ ಹುಟ್ಟಿತು ಅನ್ನೋದು ಮೊದಲು ಗೊತ್ತಾಗಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಪಾಸ್‌ಪೋರ್ಟ್ ಸರಿಯಾಗಿದ್ದು, ನೀವು ಕೊಟ್ಟ ಅರ್ಜಿಯೂ ಸರಿಯಾಗಿದ್ದು, ಕಾರ್ಡಿನಲ್ಲಿ ಮಾತ್ರ ತಪ್ಪಿದ್ದರೆ ಅದು ಅಮೆರಿಕದ ವಲಸೆ ಇಲಾಖೆಯ ತಪ್ಪು. ಅದಕ್ಕೆ ಐ-90 ಎಂಬ ಫಾರ್ಮ್ ಇದೆ. ಯಾಕೆ ಹೊಸ ಕಾರ್ಡು ಬೇಕು ಎಂದು ಕೇಳುವ ಭಾಗದಲ್ಲಿ, ಇಲಾಖೆಯ ತಪ್ಪಿನಿಂದ ವಿವರ ತಪ್ಪಾಗಿದೆ ಎಂಬ ಕಾರಣವನ್ನು ಆರಿಸಿದರೆ ಶುಲ್ಕ ಇಲ್ಲ. ತಪ್ಪು ನಿಮ್ಮ ಕಡೆಯದಾದರೆ ದುಡ್ಡು ಕಟ್ಟಬೇಕು. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಆನ್‌ಲೈನ್‌ನಲ್ಲಿ 415 ಡಾಲರ್, ಕಾಗದದ ಅರ್ಜಿಗೆ 465 ಡಾಲರ್. ತಪ್ಪು ಯಾರದು ಎಂಬ ವಿಷಯದಲ್ಲಿ ದಯವಿಟ್ಟು ಪ್ರಾಮಾಣಿಕವಾಗಿರಿ. ಶುಲ್ಕ ಉಳಿಸಲು ಹೋಗಿ ಸುಳ್ಳು ಕಾರಣ ಕೊಟ್ಟರೆ ಅದು ನಿಮ್ಮ ಕಡತದಲ್ಲೇ ಉಳಿಯುತ್ತದೆ.

ಎಲ್ಲರೂ ಹೆದರುವುದು ಇದರ ಮುಂದಿನ ಹೆಜ್ಜೆಗೆ. ಇಲಾಖೆಯ ತಪ್ಪು ಎನ್ನುವಾಗ ತಪ್ಪಿರುವ ಮೂಲ ಕಾರ್ಡನ್ನೇ ಕಳಿಸಿಕೊಡಬೇಕು; ಜೊತೆಗೆ ಸರಿಯಾದ ವಿವರ ತೋರಿಸುವ ದಾಖಲೆಯ ಪ್ರತಿ. "ಕಾರ್ಡೇ ಕೊಟ್ಟುಬಿಟ್ಟರೆ ನನ್ನ ಹತ್ತಿರ ಏನಿರುತ್ತೆ?" ಅಂತ ಅತ್ತೆ-ಮಾವಂದಿರು ಕೇಳುವುದು ಸಹಜ. ನಿಮ್ಮ ನಿವಾಸದ ಹಕ್ಕು ಆ ಪ್ಲಾಸ್ಟಿಕ್ಕಿನಲ್ಲಿಲ್ಲ, ಕಾರ್ಡು ಅದಕ್ಕೆ ಪುರಾವೆ ಅಷ್ಟೆ. ಊರಿಂದ ವಲಸೆ ವೀಸಾ ಹಿಡಿದು ಬಂದವರಿಗಾದರೆ, ವಿಮಾನ ನಿಲ್ದಾಣದಲ್ಲಿ ಮುದ್ರೆ ಬಿದ್ದ ಆ ವೀಸಾ ಪುಟವೇ ಬಂದ ದಿನದಿಂದ ಒಂದು ವರ್ಷ ಕಾಯಂ ನಿವಾಸಿ ಎಂಬುದಕ್ಕೆ ಪುರಾವೆ. ವರ್ಷ ದಾಟಿದ್ದರೆ ವಲಸೆ ಇಲಾಖೆಗೆ ಫೋನ್ ಮಾಡಿ, ಪಾಸ್‌ಪೋರ್ಟಿನಲ್ಲಿ ಐ-551 ಮುದ್ರೆ (ಕಾಯಂ ನಿವಾಸಿ ಎಂಬುದಕ್ಕೆ ತಾತ್ಕಾಲಿಕ ಪುರಾವೆ) ಹಾಕಿಸಿಕೊಳ್ಳಲು ಕೇಳಿ. ಕಾರ್ಡಿನ ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳದೆ ಅಂಚೆಗೆ ಹಾಕಲೇಬೇಡಿ.

ಹೊಸದಾಗಿ ಮದುವೆಯಾಗಿ ಬಂದವರು ಗಮನಿಸದೇ ಹೋಗುವ ತಪ್ಪು ಒಂದಿದೆ, ಅದು ಅಕ್ಷರದ್ದಲ್ಲ. ಅಮೆರಿಕದ ಪೌರರನ್ನು ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಇಲ್ಲಿಗೆ ಬಂದರೆ ಸಿಆರ್1 ಎಂಬ ವರ್ಗದಲ್ಲಿ ಎರಡು ವರ್ಷದ ಷರತ್ತಿನ ಕಾರ್ಡು ಕೊಡುತ್ತಾರೆ. ತುಂಬಿದ ಮೇಲೆ ಬಂದರೆ ಐಆರ್1, ಹತ್ತು ವರ್ಷದ ಕಾರ್ಡು. ಲೆಕ್ಕಕ್ಕೆ ಬರುವುದು ವೀಸಾ ಸಿಕ್ಕ ದಿನವಲ್ಲ, ಈ ನೆಲಕ್ಕೆ ಕಾಲಿಟ್ಟ ದಿನ. ಸಂದರ್ಶನದ ಹೊತ್ತಿಗೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆಯಿತ್ತು, ವಿಮಾನ ಹತ್ತುವಷ್ಟರಲ್ಲಿ ಎರಡನೇ ವಾರ್ಷಿಕೋತ್ಸವ ಕಳೆದಿತ್ತು ಎಂದರೆ ವೀಸಾದಲ್ಲಿ ಸಿಆರ್1 ಅಂತಿದ್ದರೂ ನಿಮ್ಮನ್ನು ಐಆರ್1 ಆಗಿಯೇ ಒಳಗೆ ಬಿಡಬೇಕು. ಮದುವೆಯ ಪ್ರಮಾಣಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಂಡು ಅಧಿಕಾರಿಗೆ ತೋರಿಸಿ, ಹೇಳಿ. ಆಗ ತಪ್ಪಿದರೆ ಐ-90ರಲ್ಲಿ ಸರಿಪಡಿಸಿಕೊಳ್ಳಬಹುದು, ಅದೂ ಶುಲ್ಕವಿಲ್ಲದೆ. ಸುಮ್ಮನಿದ್ದರೆ ಕಾರ್ಡಿನ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸುವ ಐ-751 ಫಾರ್ಮ್ ಹಾಕಿ, ಮದುವೆ ನಿಜವಾದದ್ದು ಅಂತ ಮತ್ತೆ ಸಾಬೀತು ಮಾಡುತ್ತಾ ಕೂರಬೇಕು. ಇಷ್ಟೆಲ್ಲ ಯಾರೂ ಹೇಳಿಕೊಡುವುದಿಲ್ಲ ಎಂಬುದೇ ನನಗೆ ಬೇಸರ.

ನಮ್ಮ ಹೆಸರುಗಳ ಕಥೆ ಬೇರೆ. ಅಪ್ಪನ ಹೆಸರಿನ ಒಂದಕ್ಷರ, ಊರಿನ ಹೆಸರಿನ ಇನ್ನೊಂದಕ್ಷರ ಇಟ್ಟುಕೊಂಡು ಬೆಳೆದ ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಗ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಅಂತ ಬೀಳುತ್ತದೆ. ಕಾರ್ಡಿಗೂ ಅದೇ ಬರುತ್ತದೆ. ನೋಡಿದರೆ ಸಂಕಟವಾಗುತ್ತದೆ ನಿಜ, ಆದರೆ ಇದನ್ನು ಇಲಾಖೆಯ ತಪ್ಪು ಅನ್ನಲಾಗುವುದಿಲ್ಲ, ಪಾಸ್‌ಪೋರ್ಟಿನಲ್ಲಿದ್ದದ್ದೇ ಬಂದಿದೆ. ಇನ್ನೂ ಹೊರಡದವರು ಊರಲ್ಲೇ ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಿ. ಬಂದಾಗಿದ್ದರೆ ಪೌರತ್ವ ಪಡೆಯುವಾಗ, ನ್ಯಾಯಾಲಯದಲ್ಲಿ ಪ್ರಮಾಣ ಸ್ವೀಕರಿಸುವ ಹೊತ್ತಿಗೆ ಹೆಸರು ಬದಲಿಸಿಕೊಳ್ಳಲು ಅವಕಾಶವಿದೆ.

ಹುಟ್ಟಿದ ತಾರೀಖಿಗೆ ಆ ಸೌಲಭ್ಯವಿಲ್ಲ. ಅಪ್ಪ-ಅಮ್ಮಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ತಾರೀಖು. ಶಾಲೆಯ ದಾಖಲೆ, ಪಾಸ್‌ಪೋರ್ಟ್, ಕಾರ್ಡು ಎಲ್ಲ ಒಂದೇ ಹೇಳುತ್ತಿದ್ದರೆ, ಅಜ್ಜಿ ಹೇಳಿದ ನಿಜವಾದ ತಿಥಿ ಬೇರೆ ಅಂತ ಅದನ್ನು ಕೆದಕಬೇಡಿ ಎಂಬುದು ನನ್ನ ಅಭಿಪ್ರಾಯ. ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರಕ್ಕೂ ಹೊಂದದಿದ್ದರೆ ಮಾತ್ರ ಊರಿನ ದಾಖಲೆಯನ್ನು ಮೊದಲು ಸರಿಪಡಿಸಿ, ಆಮೇಲೆ ಪಾಸ್‌ಪೋರ್ಟ್, ಕೊನೆಗೆ ಕಾರ್ಡು. ಇದೆಲ್ಲ ಪೌರತ್ವಕ್ಕೆ ಮುಂಚೆಯೇ ಮುಗಿಯಬೇಕು. ನೀವೇ ಪ್ರಮಾಣ ಮಾಡಿ ಹೇಳಿದ ತಾರೀಖು ಪೌರತ್ವದ ಪ್ರಮಾಣಪತ್ರದಲ್ಲಿ ಅಚ್ಚಾದ ಮೇಲೆ, ಅದು ತಪ್ಪಿತ್ತು ಎಂದರೆ ವಲಸೆ ಇಲಾಖೆ ತಿದ್ದಿಕೊಡುವುದಿಲ್ಲ.

ಕಾರ್ಡಿನಲ್ಲಿ ಯಾವ ದಿನದಿಂದ ನಿವಾಸಿ ಎಂದು ಬರೆದಿರುತ್ತದಲ್ಲ, ಅದನ್ನೂ ನೋಡಿ. ಪೌರತ್ವಕ್ಕೆ ಬೇಕಾದ ಐದು ವರ್ಷ, ಪೌರರ ಗಂಡ ಅಥವಾ ಹೆಂಡತಿಯಾಗಿ ಜೊತೆಗೇ ಬಾಳುತ್ತಿದ್ದರೆ ಮೂರು ವರ್ಷ, ಎಣಿಕೆಯಾಗುವುದು ಅಲ್ಲಿಂದ. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ ಎಂಬುದು ನೆನಪಿರಲಿ. ಸಹಿಯ ಜಾಗದಲ್ಲಿ ಸಹಿಗೆ ವಿನಾಯಿತಿ ಎಂದು ಅಚ್ಚಾಗಿದ್ದರೆ ಗಾಬರಿ ಬೇಡ. ಮೊದಲ ಸಲ ವಲಸೆ ವೀಸಾದಲ್ಲಿ ಬಂದವರಿಗೆ ಹಾಗೆ ಬರುವುದುಂಟು, ಕಾರ್ಡು ಪೂರ್ತಿ ಸಿಂಧು.

ತಿದ್ದಿದ ಕಾರ್ಡು ಬಂದ ಮೇಲೆ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಅಲ್ಲಿಯೂ ಹೆಸರು, ತಾರೀಖು ಸರಿ ಮಾಡಿಸಿ, ಅದಕ್ಕೆ ದುಡ್ಡಿಲ್ಲ. ಮನೆ ಬದಲಿಸಿದರೆ ಹತ್ತು ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ಕೊಡಿ, ಇಲ್ಲದಿದ್ದರೆ ಸರಿಯಾದ ಕಾರ್ಡು ಹಳೇ ಮನೆಯ ಬಾಗಿಲಿಗೆ ಹೋಗುತ್ತದೆ.