ಎಡಗೈ ಮೇಲಿನ ಕೂಸು

ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಅಂದು ಶ್ರಾವಣ ಸೋಮವಾರ. ಬಹಳ ದಿನಗಳ ಮೇಲೆ ಸಾವಧಾನವಾಗಿ ಲಿಂಗಪೂಜೆ ಮಾಡಬೇಕೆಂದು ನಸುಕಿನ ನಾಲ್ಕೂವರೆಗೇ ಎದ್ದಿದ್ದೆ. ಶರಣರು 12ನೆಯ ಶತಮಾನದಲ್ಲೇ ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿಯೆಂಬ ಪಂಚಸೂತಕಗಳನ್ನು ತಳ್ಳಿಹಾಕಿದ್ದರಿಂದ ಹೆರಿಗೆಯ ಸೂತಕವೆಂಬ ನೆಪವೂ ನನಗಿರಲಿಲ್ಲ. ದಿನಕ್ಕೆ 8ರಿಂದ 12 ಸಲ ಹಾಲೂಡಿಸಿ, ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ, ಎಣ್ಣೆ ಹಚ್ಚಿ ಎರೆದು ಮಲಗಿಸುವಷ್ಟರಲ್ಲಿ ಕೈಕಾಲು ಸೋತಿರುತ್ತಿದ್ದವು. ಲಿಂಗವಿಡುವ ಕರಡಿಗೆ ಬಿಚ್ಚಿ ಕುಳಿತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಪೂಜೆ ತಪ್ಪುತ್ತಿದೆಯೆಂಬ ಅಳುಕು ಮನಸ್ಸನ್ನು ಕೊರೆಯುತ್ತಲೇ ಇತ್ತು.

ಸ್ನಾನ ಮುಗಿಸಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಮೊದಲ ಬಿಲ್ವಪತ್ರೆ ಏರಿಸುವ ಹೊತ್ತಿಗೆ ತೊಟ್ಟಿಲಲ್ಲಿ ಅಳು ಎದ್ದಿತು. ಹಸಿದ ಕೂಸಿನ ಮೇಲೆ ನನಗೆ ಸಿಟ್ಟು ಬಂತೆಂಬುದನ್ನು ಮುಚ್ಚಿಡಲಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು: “ಮೊದಲ ಕೂಸಿನ್ನ ಎತ್ತಿಕೊ ಯವ್ವಾ. ಲಿಂಗಪ್ಪ ಎಲ್ಲಿಗೆ ಹೋಗತಾನ, ನಿನ್ನ ಕೊರಳಾಗ ಇರತಾನ.”

ಲಿಂಗವನ್ನು ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಂಡೆ. ಮಗಳನ್ನು ಎಡಗೈ ಮೇಲೆ ಮಲಗಿಸಿಕೊಂಡು ಹಾಲೂಡಿಸತೊಡಗಿದೆ. ಹುಟ್ಟಿದ ಹೊಸತರಲ್ಲಿ ಕೂಸಿಗೆ 20ರಿಂದ 30 ಸೆಂಟಿಮೀಟರಿನಷ್ಟು ದೂರ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಹಾಲು ಕುಡಿಯುವಾಗ ತಾಯಿಯ ಮುಖವಿರುವುದು ಸರಿಸುಮಾರು ಅಷ್ಟೇ ದೂರದಲ್ಲಿ ಎಂದು ಆರು ವಾರದ ಲಸಿಕೆಯ ದಿನ ದಾದಿಯೊಬ್ಬರು ಹೇಳಿದ್ದರು. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಡಬೇಕೆಂದು ಚಿಕ್ಕಂದಿನಿಂದ ಕಲಿತಿದ್ದರೂ ನನ್ನ ಮನಸ್ಸು ಐದು ನಿಮಿಷ ಅಲ್ಲಿ ನಿಂತದ್ದಿಲ್ಲ. ಈ ಕೂಸು ಮಾತ್ರ, ತುಟಿಯಂಚಿನಲ್ಲಿ ಹಾಲಿನ ಹನಿ ಇಳಿಯುತ್ತಿದ್ದರೂ, ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ನನ್ನ ಕಣ್ಣೂ ಅಲ್ಲಿಯೇ ನಿಂತಿತು.

ಕಾಯಕದಲ್ಲಿ ನಿರತನಾದವನು ಲಿಂಗಪೂಜೆಯನ್ನೂ ಮರೆಯಬೇಕೆಂದು ಶರಣ ಆಯ್ದಕ್ಕಿ ಮಾರಯ್ಯ ತನ್ನ ವಚನದಲ್ಲಿ ಹೇಳಿದ್ದು ಆಗ ನೆನಪಾಯಿತು. ಶಾಲೆಯ ಭಾಷಣಗಳಲ್ಲಿ ಎಷ್ಟೋ ಸಲ ಒಪ್ಪಿಸಿದ ಮಾತದು. ಆದರೆ ಕಾಯಕವೆಂದರೆ ಹೊಲದ್ದೋ ಕಚೇರಿಯದ್ದೋ ದುಡಿಮೆಯೆಂದೇ ತಿಳಿದಿದ್ದೆ. ಹಾಲೂಡಿಸುವುದನ್ನು ಆ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

ಬೆಳಕು ಹರಿಯಿತು. ತಟ್ಟೆಯಲ್ಲಿ ಬಿಲ್ವಪತ್ರೆ ಹಾಗೆಯೇ ಉಳಿದಿತ್ತು. ಮಗಳು ನಿದ್ದೆಹೋದದ್ದನ್ನು ಕಂಡು ತೊಟ್ಟಿಲಿಗೆ ಹಾಕಲೆಂದು ಬಾಗಿದಾಗ ನನ್ನ ಕೊರಳು ಜಗ್ಗಿತು. ಅವಳ ಪುಟ್ಟ ಮುಷ್ಟಿಯೊಳಗೆ ನನ್ನ ಶಿವದಾರ ಸಿಕ್ಕಿಕೊಂಡಿತ್ತು. ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದೆ.